ನ್ಯೂಯಾರ್ಕದ ನೂರೆಂಟು ಮತಗಳು

ಜನರು ಮತ ಕೊಟ್ಟರು. ಕೊಟ್ಟ ಮತಗಳು ಪೆಟ್ಟಿಗೆಯಲ್ಲಿ ಭದ್ರವಾಗಿ ಬಿದ್ದವು. ಪೆಟ್ಟಿಗೆಗಳು ಕಾಡು ಹಾದಿಯನ್ನೂ ಹೊಳೆಗಳನ್ನೂ ದಾಟಿ ಎಣಿಕೆಯ ಸ್ಥಳಕ್ಕೆ ಬಂದು ಮುಟ್ಟಿದವು. ಆದರೆ ಮೂರು ಜಿಲ್ಲೆಗಳ ಮತಗಳನ್ನು ಲೆಕ್ಕಕ್ಕೆ ಹಿಡಿಯಲೇ ಇಲ್ಲ. ಉಳಿದವುಗಳ ಲೆಕ್ಕದ ಮೇಲೆ ಒಬ್ಬರಿಗೆ 8440, ಇನ್ನೊಬ್ಬರಿಗೆ 8332 ಮತಗಳು ಬಂದವೆಂದು ಸಾರಿ, ಮೊದಲಿನವರಿಗೆ ಅಧಿಕಾರವನ್ನು ಒಪ್ಪಿಸಲಾಯಿತು. ಅಂತರವು ನೂರೆಂಟು. ನಮ್ಮಲ್ಲಿ ಜಪಮಾಲೆಯ ಮಣಿಗಳನ್ನೆಣಿಸುವ ಈ ಸಂಖ್ಯೆಯು 1792ನೆಯ ಇಸವಿಯಲ್ಲಿ ಅಮೇರಿಕೆಯ ನ್ಯೂಯಾರ್ಕ ಸಂಸ್ಥಾನದ ಮೂರು ವರ್ಷಗಳ ಆಡಳಿತವನ್ನು ನಿರ್ಣಯಿಸಿತು. ಜನತೆಯ ಹೆಸರಿನಲ್ಲಿ ರಾಜ್ಯವಾಳುವವರೆಲ್ಲರೂ ಈ ವೃತ್ತಾಂತವನ್ನು ತಿಳಿದಿರತಕ್ಕದ್ದೆಂದು ನಾವು ಭಾವಿಸುತ್ತೇವೆ.

ಮೊದಲಿಗೆ ಒಂದು ಶಬ್ದದ ವಿಷಯ. ಗವರ್ನರನೆಂದೊಡನೆ ನಮ್ಮ ಕಣ್ಣೆದುರಿಗೆ ನಿಲ್ಲುವದು ಮೇಲಿನಿಂದ ನಿಯಮಿತನಾಗಿ ಬಂದ ಅಧಿಕಾರಿಯ ಮೂರ್ತಿ. ಸ್ವತಂತ್ರ ಭಾರತದ ಘಟನಾ ಸಭೆಯು 1947ರಲ್ಲಿ ಪ್ರಾಂತಗಳ ಗವರ್ನರರನ್ನು ಜನರೇ ಚುನಾಯಿಸಬೇಕೆಂದು ಒಪ್ಪಿದ್ದರೂ, 1949ರಲ್ಲಿ ಆ ವಿಚಾರವನ್ನು ಬಿಟ್ಟು ರಾಷ್ಟ್ರಪತಿಗಳ ನಿಯಮಕವನ್ನೇ ಇಟ್ಟುಕೊಂಡಿತು. ಅಮೇರಿಕೆಯಲ್ಲಿ ಹಾಗಲ್ಲ. ಅಲ್ಲಿಯ ಗವರ್ನರನು ಸಂಸ್ಥಾನದ ನಿಜವಾದ ಕಾರ್ಯಾಧ್ಯಕ್ಷನು. 1777ರ ಘಟನೆಯ ಪ್ರಕಾರ ನ್ಯೂಯಾರ್ಕದಲ್ಲಿ ಅವನನ್ನು ಮೂರು ವರ್ಷಗಳಿಗೊಮ್ಮೆ ಮತದಾರರೇ ಆರಿಸುತ್ತಿದ್ದರು. ಸೇನೆ ಅವನ ಕೈಯಲ್ಲಿ; ಮಸೂದೆಗಳನ್ನು ಪರಿಶೀಲಿಸಿ ಹಿಂದಿರುಗಿಸುವ ಮಂಡಲದಲ್ಲಿ ಅವನ ಸ್ಥಾನ; ನಾಲ್ವರು ಸೆನೆಟರರೊಡನೆ ಕೂಡಿ ಜಿಲ್ಲೆಯ ಶೆರೀಫರು ಮೊದಲಾದ ಅಧಿಕಾರಿಗಳನ್ನು ನಿಯಮಿಸುವ ಮಂಡಲಕ್ಕೆ ಅವನೇ ಅಧ್ಯಕ್ಷ. ಈ ಕೊನೆಯ ಮಾತನ್ನು ವಾಚಕರು ಲಕ್ಷ್ಯದಲ್ಲಿಡಬೇಕು.

ಆ ಘಟನೆಯನ್ನು ಬರೆದವರಲ್ಲಿ ಮುಖ್ಯರು ಜಾನ್ ಜೇ. ಅದರ ಅನ್ವಯ ಪ್ರಥಮ ಗವರ್ನರರಾಗಿ 1777ರಿಂದಲೂ ಎಡೆಬಿಡದೆ ಆಳಿದವರು ಜಾರ್ಜ ಕ್ಲಿಂಟನ್. 1792ರ ಕಣದಲ್ಲಿ ಎದುರುಬದುರಾಗಿ ನಿಂತವರು ಇವರಿಬ್ಬರೇ! ಕ್ಲಿಂಟನ್ನರು ಸ್ವಾತಂತ್ರ್ಯಯುದ್ಧದ ಸೇನಾನಿ. ಒಕ್ಕಲು ಜನರ ಮನಸ್ಸನ್ನು ಬಲ್ಲವರು, ದೊಡ್ಡ ಜಮೀನದಾರ ಮನೆತನಗಳ ದರ್ಪವನ್ನು ತಡೆದು ನಿಂತವರು, ಒಕ್ಕೂಟ ಸರಕಾರಕ್ಕೆ ಸಂಸ್ಥಾನದ ಅಧಿಕಾರವನ್ನು ಬಿಟ್ಟುಕೊಡಲು ಹಿಂಜರಿದವರು. ಆದರೆ ಹದಿನೈದು ವರ್ಷಗಳ ಅಧಿಕಾರವು ಎಂಥವರ ಸುತ್ತಲೂ ಹುತ್ತವನ್ನು ಬೆಳೆಯಿಸುತ್ತದೆ. 1789ರ ಚುನಾವಣೆಯಲ್ಲಿಯೇ ಅವರು ರಾಬರ್ಟ ಯೇಟ್ಸರನ್ನು ಕೇವಲ 429 ಮತಗಳಿಂದ ಗೆದ್ದಿದ್ದರು. 1791ರಲ್ಲಿ ಉತ್ತರದ ಸರಕಾರೀ ಭೂಮಿಯಲ್ಲಿ ಮೂವತ್ತಾರು ಲಕ್ಷ ಎಕರೆಗೂ ಮಿಕ್ಕಿದ ಪ್ರದೇಶವನ್ನು ಅಲೆಕ್ಝಾಂಡರ ಮ್ಯಾಕೂಂಬನೆಂಬ ವ್ಯಾಪಾರಿಗೆ ಎಕರೆಗೆ ಎಂಟು ಪೆನ್ನಿಯಂತೆ ಕೊಟ್ಟದ್ದು ಜನರಲ್ಲಿ ದೊಡ್ಡ ಗುಲ್ಲನ್ನೆಬ್ಬಿಸಿತ್ತು.

ಜೇಯವರಾದರೋ ಆಗ ಒಕ್ಕೂಟದ ಪ್ರಥಮ ಸರನ್ಯಾಯಾಧೀಶರು. ಮತ ಯಾಚನೆಗೆ ಅವರು ಹೊರಡಲಿಲ್ಲ. ಸಂಚಾರಿ ನ್ಯಾಯಾಲಯದ ಕೆಲಸಕ್ಕಾಗಿ ಊರೂರು ತಿರುಗುತ್ತಿದ್ದರು. ಅವರ ಪರವಾಗಿ ದುಡಿದವರು ಹ್ಯಾಮಿಲ್ಟನ್ನರ ಪಕ್ಷದವರು. ಗುಲಾಮರ ಬಿಡುಗಡೆಗಾಗಿ 1785ರಲ್ಲಿ ಹುಟ್ಟಿದ ಸಂಘಕ್ಕೆ ಜೇಯವರು ಅಧ್ಯಕ್ಷರಾಗಿದ್ದುದನ್ನೇ ಎತ್ತಿ ಹಿಡಿದು, ಇವರು ಗೆದ್ದರೆ ನಿಮ್ಮ ಮನೆಯ ಗುಲಾಮರನ್ನು ಕಸಿದುಕೊಳ್ಳುವರೆಂದು ಎದುರು ಪಕ್ಷದವರು ರೈತರನ್ನು ಹೆದರಿಸಿದರು. ಜೇಯವರ ಮನೆಯಲ್ಲಿಯೂ ಗುಲಾಮರಿದ್ದರೆಂಬದನ್ನು ನಾವು ಮುಚ್ಚಲಾರೆವು. ಆದರೆ ಚುನಾವಣೆಗೆ ಮುಂಚೆ ಈ ವಿಷಯವಾಗಿ ಕೇಳಿದವರಿಗೆ ಅವರು ನುಣುಚಿಕೊಳ್ಳುವ ಉತ್ತರವನ್ನು ಕೊಡಲಿಲ್ಲ. ಯಾವ ಬಣ್ಣದವನಿಗಾದರೂ ಸ್ವಾತಂತ್ರ್ಯವು ಹುಟ್ಟುಹಕ್ಕೇ ಸರಿ, ಬಿಡುಗಡೆಯು ಮಾತ್ರ ಕ್ರಮಕ್ರಮವಾಗಿ ಆಗತಕ್ಕದ್ದೆಂದು ಸ್ಪಷ್ಟವಾಗಿ ಬರೆದರು. ಮತ ಬೇಡುವ ಕಾಲದಲ್ಲಿ ಇಷ್ಟು ಹೇಳಿದವರು ಆಗಲೂ ವಿರಳ.

ಇನ್ನು ಮತಗಳ ಪ್ರಯಾಣ. ಎಪ್ರಿಲ ತಿಂಗಳ ಕೊನೆಯಲ್ಲಿ ಊರೂರುಗಳಲ್ಲಿ ಮತದಾನ. ಆಯಾ ಊರಿನ ಮತಪತ್ರಗಳು ಜಿಲ್ಲೆಯ ಶೆರೀಫನಿಗೆ ಸಲ್ಲಬೇಕು. ಶೆರೀಫನು ಅವನ್ನೆಲ್ಲ ಪೆಟ್ಟಿಗೆಯಲ್ಲಿಟ್ಟು ಸಂಸ್ಥಾನದ ಕಾರ್ಯದರ್ಶಿಯ ಕಚೇರಿಗೆ ಮುಟ್ಟಿಸಬೇಕು. ಮತಗಳನ್ನು ಎಣಿಸುವದು ಊರಿನಲ್ಲಿಯೂ ಅಲ್ಲ, ಜಿಲ್ಲೆಯಲ್ಲಿಯೂ ಅಲ್ಲ. ಶಾಸನಸಭೆಯ ಎರಡೂ ಮನೆಗಳಿಂದ ಆರಾರು ಜನರಂತೆ ಆರಿಸಲ್ಪಟ್ಟ ಸಮಿತಿಯು ಮೇ ತಿಂಗಳ ಕೊನೆಗೆ ಕೂಡಿ ಪೆಟ್ಟಿಗೆಗಳನ್ನು ತೆರೆದು ಎಣಿಸತಕ್ಕದ್ದು. ಆ ಸಮಿತಿಯ ಬಹುಮತದ ತೀರ್ಮಾನವೇ ಕಡೆಯದೆಂದು ಕಾಯದೆ ಹೇಳುತ್ತಿತ್ತು. ಆ ವರ್ಷ ಸಮಿತಿಯಲ್ಲಿ ಕ್ಲಿಂಟನ್ನರ ಪಕ್ಷದವರೇ ಹೆಚ್ಚಾಗಿದ್ದರು.

ತಂಟೆಯು ಹುಟ್ಟಿದ್ದು ಆಟ್ಸಿಗೊ, ಟಾಯೋಗ, ಕ್ಲಿಂಟನ್ ಎಂಬ ಮೂರು ಗಡಿಜಿಲ್ಲೆಗಳ ಪೆಟ್ಟಿಗೆಗಳಿಂದ. ಮೂರನೆಯದಕ್ಕೆ ಗವರ್ನರರ ಗೌರವಾರ್ಥವಾಗಿಯೇ ಆ ಹೆಸರು ಬಂದಿತ್ತು. ಆ ಜಿಲ್ಲೆಯ ಶೆರೀಫನು ಪೆಟ್ಟಿಗೆಯನ್ನು ತನ್ನ ಪರವಾಗಿ ಒಬ್ಬನ ಕೈಯಲ್ಲಿ ಕೊಟ್ಟು ಕಳುಹಿಸಿದನು. ಆದರೆ ಅವನನ್ನು ಬಾಯಿಮಾತಿನಿಂದ ನೇಮಿಸಿದ್ದನೇ ಹೊರತು ಬರಹದಿಂದಲ್ಲ. ಟಾಯೋಗದ ಶೆರೀಫನು ಒಬ್ಬ ಸಹಾಯಕನನ್ನು ಕ್ರಮವಾಗಿ ನೇಮಿಸಿಯೇ ಕಳುಹಿಸಿದನು. ಆ ಮನುಷ್ಯನು ದಾರಿಯಲ್ಲಿ ಜಡ್ಡಾಗಿ ಬಿದ್ದನು. ಪೆಟ್ಟಿಗೆಯು ಕೊಳೆಯಬಾರದೆಂದು ತನ್ನ ಗುಮಾಸ್ತನ ಕೈಗೆ ಕೊಟ್ಟನು. ಗುಮಾಸ್ತನು ಅದನ್ನು ತಂದು ಮುಟ್ಟಿಸಿದನು. ಇವರಲ್ಲಿ ಯಾರಾದರೂ ಪೆಟ್ಟಿಗೆಯನ್ನು ಒಡೆದರೆಂದಾಗಲಿ, ಒಂದು ಚೀಟಿಯನ್ನು ಬದಲಿಸಿದರೆಂದಾಗಲಿ ಸಮಿತಿಯು ತೋರಿಸಿಕೊಡಲಿಲ್ಲ.

ಆಟ್ಸಿಗೊದ ಕಥೆಯೇ ಎಲ್ಲಕ್ಕಿಂತ ದೊಡ್ಡದು, ಏಕೆಂದರೆ ಜೇಯವರಿಗೆ ಅಲ್ಲಿ ಸುಮಾರು 400 ಮತಗಳ ಮೇಲುಗೈ ಇದ್ದಿತೆಂದು ಎರಡೂ ಕಡೆಯವರು ಅಂದಾಜು ಮಾಡಿದ್ದರು. ಅಲ್ಲಿ ಶೆರೀಫನಾಗಿದ್ದ ರಿಚರ್ಡ ಸ್ಮಿಥನ ಅವಧಿಯು ಫೆಬ್ರುವರಿಯಲ್ಲಿ ತೀರಿತ್ತು. ಅವನ ಸ್ಥಾನದಲ್ಲಿ ಬೆಂಜಮಿನ ಗಿಲ್ಬರ್ಟನೆಂಬವನನ್ನು ನೇಮಿಸಿಯೂ ಆಗಿತ್ತು. ಆದರೆ ಗಿಲ್ಬರ್ಟನು ಇನ್ನೂ ಪ್ರಮಾಣವಚನ ಸ್ವೀಕರಿಸಿ ಅಧಿಕಾರವನ್ನು ವಹಿಸಿಕೊಂಡಿರಲಿಲ್ಲ. ಪೆಟ್ಟಿಗೆಯನ್ನು ಕಳುಹಿಸುವ ದಿನ ಬಂದಿತು. ಹಳಬನು ಇಳಿದಾಗಿದೆ, ಹೊಸಬನು ಏರಿಲ್ಲ, ಯಾರು ಕಳುಹಿಸಬೇಕು? ಸ್ಮಿಥನು ಹಿಂದಿನ ವಾಡಿಕೆಯಂತೆ ತಾನೇ ಕಳುಹಿಸಿದನು. ಇದಕ್ಕೆ ಸಮಿತಿಯ ಬಹುಮತದವರು ಹೇಳಿದ್ದೇನೆಂದರೆ: ಸ್ಮಿಥನು ಆ ದಿನ ಶೆರೀಫನಲ್ಲ, ಶೆರೀಫನಲ್ಲದವನು ಕಳುಹಿಸಿದ್ದು ಶೆರೀಫನು ಕಳುಹಿಸಿದಂತಲ್ಲ, ಆದ್ದರಿಂದ ಆ ಪೆಟ್ಟಿಗೆಯಲ್ಲಿರುವದು ಕಾಯದೆಯ ದೃಷ್ಟಿಯಲ್ಲಿ ಮತವೇ ಅಲ್ಲ!

ಸಂದೇಹ ಪರಿಹಾರಕ್ಕಾಗಿ ಆ ಸಂಸ್ಥಾನದಿಂದ ಒಕ್ಕೂಟದ ಸೆನೆಟಿಗೆ ಹೋಗಿದ್ದ ಇಬ್ಬರು ಕಾನೂನು ಪಂಡಿತರ ಅಭಿಪ್ರಾಯವನ್ನು ಕೇಳಲಾಯಿತು. ಒಬ್ಬರು ರೂಫಸ ಕಿಂಗ, ಇನ್ನೊಬ್ಬರು ಏರನ್ ಬರ್. ಪಂಡಿತರಿಬ್ಬರೂ ಭಿನ್ನಮತವನ್ನು ಹೇಳಿದರು. ಕಿಂಗರು ಆಟ್ಸಿಗೊದ ಮತಗಳನ್ನು ಎಣಿಸಬೇಕೆಂದರು. ಬರ್ ಅವರು ಎಣಿಸಬಾರದೆಂದರು. ಇಬ್ಬರ ವಿದ್ವತ್ತೂ ತಂತಮ್ಮ ಪಕ್ಷದ ಕಡೆಗೇ ಹರಿದದ್ದು ಯಾರಿಗೂ ಆಶ್ಚರ್ಯವನ್ನುಂಟುಮಾಡಲಿಲ್ಲ. ಸಮಿತಿಯ ಬಹುಮತದವರು ಮೂರೂ ಜಿಲ್ಲೆಗಳನ್ನು ತಳ್ಳಿಹಾಕಿ, ಜೂನ ತಿಂಗಳಲ್ಲಿ ಕ್ಲಿಂಟನ್ನರನ್ನು ಗವರ್ನರರೆಂದು ಸಾರಿದರು. ಅಲ್ಪಸಂಖ್ಯಾತ ಸದಸ್ಯರು ತಮ್ಮ ಅಸಮ್ಮತಿಯನ್ನು ಬರೆದಿಟ್ಟರು. ಮತಪತ್ರಗಳನ್ನು ನಾಶಪಡಿಸಲಾಯಿತು.

ಈ ತೀರ್ಮಾನವನ್ನು ನಾವು ಯಾವ ದೃಷ್ಟಿಯಿಂದ ನೋಡತಕ್ಕದ್ದು? ಬಹುಮತದವರ ವಾದವು ಸಂಪೂರ್ಣ ಹುರುಳಿಲ್ಲದ್ದೆಂದು ಹೇಳಲಾಗದು. ಪೆಟ್ಟಿಗೆಯನ್ನು ಯಾರು ಬೇಕಾದವರು ತರಬಹುದೆಂದಾದರೆ ನಾಳೆ ಖೋಟಾ ಪೆಟ್ಟಿಗೆಗಳೂ ಬಂದಾವು. ಅಧಿಕಾರಿಯ ಕೈಯಿಂದ ಅಧಿಕಾರಿಯ ಕೈಗೆ ಸಾಗಬೇಕೆಂಬ ನಿಯಮವು ಮತದಾರನ ರಕ್ಷಣೆಗಾಗಿಯೇ ಇರುವದು. ಇದು ಸತ್ಯ. ಆದರೆ ರಕ್ಷಣೆಗೆಂದು ಕಟ್ಟಿದ ಬೇಲಿಯೇ ಹೊಲವನ್ನು ಮೇಯತೊಡಗಿದರೆ ಒಕ್ಕಲಿಗನು ಯಾರಲ್ಲಿ ದೂರಬೇಕು? ಆಟ್ಸಿಗೊದ ಮತದಾರನು ಮಾಡಬೇಕಾದುದನ್ನೆಲ್ಲ ಮಾಡಿದ್ದನು. ಶೆರೀಫನ ಅವಧಿ ಎಂದು ತೀರಿತು, ಹೊಸಬನು ಪ್ರಮಾಣ ಮಾಡಿದನೋ ಇಲ್ಲವೋ ಎಂಬದು ಅವನ ಕೈಯಲ್ಲಿರಲಿಲ್ಲ. ಯಾರ ಕೈಯಲ್ಲಿದ್ದಿತು? ಶೆರೀಫರನ್ನು ನಿಯಮಿಸುವ ಮಂಡಲದ ಅಧ್ಯಕ್ಷರು ಕ್ಲಿಂಟನ್ನರೇ. ಅವರು ಬೇಕೆಂದು ಹೀಗೆ ಮಾಡಿದರೆಂದು ನಾವು ಹೇಳುವದಿಲ್ಲ. ಹಾಗೆ ಹೇಳಲು ಆಧಾರವೂ ಇಲ್ಲ. ಆದರೆ ಅಭ್ಯರ್ಥಿಯ ಕಚೇರಿಯಿಂದ ಹೊರಡತಕ್ಕ ನೇಮಕದಲ್ಲಿ ಬಿದ್ದ ತೆರಪಿನ ಲಾಭವು ಅದೇ ಅಭ್ಯರ್ಥಿಗೆ ಸಂದಾಗ, ಅದನ್ನು ಕಾಯದೆಯ ಗೌರವವೆಂದು ಕರೆಯುವದಕ್ಕೆ ನಾಲಗೆ ಏಳುವದಿಲ್ಲ.

ಸ್ವತಂತ್ರ ಭಾರತದ ಕಾಯದೆಯು ಈ ಪ್ರಶ್ನೆಗೆ ಸಮಂಜಸವಾದ ಉತ್ತರವನ್ನು ಕೊಟ್ಟಿದೆ. 1951ರ ಜನಪ್ರಾತಿನಿಧ್ಯದ ಕಾಯದೆಯಂತೆ, ನಿಯಮಭಂಗವಾಯಿತೆಂಬಷ್ಟರಿಂದಲೇ ಚುನಾವಣೆಯು ರದ್ದಾಗುವದಿಲ್ಲ. ಆ ಭಂಗದಿಂದ ಗೆದ್ದವನ ಫಲಿತಾಂಶದ ಮೇಲೆ ನಿಜವಾದ ಪರಿಣಾಮವಾಯಿತೇ ಎಂಬದನ್ನು ನ್ಯಾಯಾಲಯವು ನೋಡಬೇಕು. ಮತಪೆಟ್ಟಿಗೆಯು ಕಳೆದುಹೋದರೆ, ಕೆಟ್ಟರೆ ಅಲ್ಲಿ ಪುನಃ ಮತದಾನ ನಡೆಸಲು ಅವಕಾಶವಿದೆ. ನ್ಯೂಯಾರ್ಕದ ಅಂದಿನ ಸಮಿತಿಯ ಮುಂದೆ ಇದ್ದ ದಾರಿಗಳು ಎರಡೇ: ಎಣಿಸುವದು, ಇಲ್ಲವೆ ಎಸೆಯುವದು. ಮತ್ತೆ ವಿಚಾರಿಸುವ ಮೇಲಿನ ಕೋರ್ಟು ಇರಲಿಲ್ಲ. ಆಟಗಾರರೇ ಪಂಚರಾದ ಮೇಲೆ ಇಂಥ ಆಟವು ಹೀಗೆಯೇ ಮುಗಿಯುವದು.

ತಳ್ಳಿಹಾಕಲ್ಪಟ್ಟವು ಗಡಿಯ ಜಿಲ್ಲೆಗಳೆಂಬದನ್ನು ನಾವು ಸುಮ್ಮನೆ ದಾಟಿ ಹೋಗಲಾರೆವು. ಆಟ್ಸಿಗೊ, ಟಾಯೋಗಗಳು ಹುಟ್ಟಿ ಒಂದು ವರ್ಷವಷ್ಟೇ ಆಗಿತ್ತು. ಕ್ಲಿಂಟನ್ ಜಿಲ್ಲೆಯು ಕೆನಡಾದ ಸೀಮೆಗೆ ತಾಗಿದ್ದು. ರಸ್ತೆಗಳಿಲ್ಲ, ಬರೆಹ ಬಲ್ಲ ಅಧಿಕಾರಿಗಳು ವಿರಳ, ಕಾಗದಪತ್ರಗಳು ವಾರಗಟ್ಟಲೆ ದಾರಿಯಲ್ಲಿ. ಹಳೆಯ ಜಿಲ್ಲೆಗಳಲ್ಲಿ ತಪ್ಪದೆ ನಡೆಯುವ ಕ್ರಮವು ಅಂಥಲ್ಲಿ ತಪ್ಪುವದು ಸಹಜ. ಹೀಗಿರಲು ಕ್ರಮದ ಕಟ್ಟುನಿಟ್ಟಿನ ಭಾರವೆಲ್ಲವೂ, ಅದನ್ನು ಹೊರಲು ಎಲ್ಲರಿಗಿಂತ ಅಶಕ್ತರಾದವರ ಹೆಗಲ ಮೇಲೆಯೇ ಬೀಳುತ್ತದೆ. 1956ರವರೆಗೆ ಮುಂಬಯಿ, ಮದರಾಸು, ಹೈದರಾಬಾದುಗಳ ಅಂಚುಗಳಲ್ಲಿ ಹರಿದು ಹಂಚಿಹೋಗಿದ್ದ ಕನ್ನಡಿಗರಿಗೆ, ದೂರದ ರಾಜಧಾನಿಯ ಕಚೇರಿಯಲ್ಲಿ ಅಂಚಿನವರ ಅಹವಾಲು ಎಷ್ಟು ಹಗುರವಾಗಿ ಕಾಣುವದೆಂಬದನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ.

ಹಾಗೆಂದು ಆಟ್ಸಿಗೊದ ಪೆಟ್ಟಿಗೆಯು ಗಂಗಾಜಲದಂತೆ ನಿರ್ಮಲವಾಗಿತ್ತೆಂದು ನಾವು ವಾದಿಸುವದಿಲ್ಲ. ಅಲ್ಲಿಯ ದೊಡ್ಡ ಭೂಮಾಲಿಕನೂ ಜಿಲ್ಲಾ ನ್ಯಾಯಾಧೀಶನೂ ಆದ ವಿಲಿಯಮ ಕೂಪರನು ಜೇಯವರ ಕಟ್ಟಾಳು. ತನ್ನಿಂದ ಭೂಮಿ ಕೊಂಡು ಸಾಲ ತೀರಿಸಬೇಕಾಗಿದ್ದ ಜನರನ್ನು ಅವನು ಗದರಿಸಿ ಮತ ಹಾಕಿಸಿದನೆಂದು ಶಾಸನಸಭೆಗೆ ದೂರುಗಳು ಹೋದವು; ಸಭೆಯು ಅವನ್ನು ಎತ್ತಿ ಹಿಡಿಯಲಿಲ್ಲವಾದರೂ, ಮಾತು ಉಳಿಯಿತು. ಅವನ ಮಗನೇ ಮುಂದೆ ಕಾದಂಬರಿಕಾರನೆಂದು ಲೋಕಪ್ರಸಿದ್ಧನಾದ ಜೇಮ್ಸ ಫೆನಿಮೋರ ಕೂಪರ. ಇಷ್ಟೇ ಅಲ್ಲ, ಎರಡೂ ಕಡೆಯವರು ಬಾಯ್ತುಂಬ ಹೇಳುತ್ತಿದ್ದ ಜನವಾಣಿ ಯಾರದು? ಗವರ್ನರರ ಆಯ್ಕೆಯಲ್ಲಿ ಮತ ಕೊಡಬೇಕಾದರೆ ಋಣವಿಲ್ಲದ ನೂರು ಪೌಂಡು ಬೆಲೆಯ ಸ್ವಂತ ಭೂಮಿ ಇರಬೇಕಾಗಿತ್ತು. 1790ರ ಖಾನೇಸುಮಾರಿಯಂತೆ ಆ ಸಂಸ್ಥಾನದಲ್ಲಿ ಮೂರು ಲಕ್ಷ ನಾಲ್ವತ್ತು ಸಾವಿರ ಜನರಿದ್ದರು. ಅವರಲ್ಲಿ ಇಪ್ಪತ್ತೊಂದು ಸಾವಿರಕ್ಕೂ ಹೆಚ್ಚು ಜನ ಗುಲಾಮರು. ಎಣಿಸಲ್ಪಟ್ಟ ಮತಗಳ ಮೊತ್ತವು 16,772. ಆದರೆ ಜನರ ದನಿಯು ಇಷ್ಟು ಇಕ್ಕಟ್ಟಿನ ಬಾಗಿಲಿನಿಂದ ಬರುತ್ತಿದ್ದಾಗ, ಬಂದಷ್ಟನ್ನೂ ಕೇಳಲೊಲ್ಲದವರ ತಪ್ಪು ಹೆಚ್ಚಾಗುವದೇ ಹೊರತು ಕಡಿಮೆಯಾಗುವದಿಲ್ಲ.

ಸುದ್ದಿಯು ಹಬ್ಬಿದೊಡನೆ ಸಂಸ್ಥಾನವೆಲ್ಲ ಕೆರಳಿತು. ಸಭೆಗಳು ಕೂಡಿದವು, ನಿರ್ಣಯಗಳಾದವು, ಪತ್ರಿಕೆಗಳಲ್ಲಿ ಬೈಗುಳಗಳ ಮಳೆ ಸುರಿಯಿತು. ನ್ಯಾಯಾಲಯದ ಸಂಚಾರದಿಂದ ಜೇಯವರು ಹಿಂದಿರುಗುವಾಗ ದಾರಿಯ ಊರುಗಳವರು ಅವರನ್ನು ಎದುರುಗೊಂಡು, ನೀವೇ ನಮ್ಮ ನ್ಯಾಯವಾದ ಗವರ್ನರರೆಂದು ಸಾರಿದರು. ವಿಶೇಷ ಸಭೆಯನ್ನು ಕರೆದು ತೀರ್ಮಾನವನ್ನು ಬುಡಮೇಲು ಮಾಡಬೇಕೆಂಬ ಕೂಗೆದ್ದಿತು. ಬಲಪ್ರಯೋಗದ ಮಾತು ಸಹ ಕೇಳಿಬಂದಿತು. ಯುದ್ಧ ಮುಗಿದು ಇನ್ನೂ ಹತ್ತು ವರ್ಷ ತುಂಬಿರಲಿಲ್ಲ. ಬಂದೂಕು ಹಿಡಿಯಬಲ್ಲ ಕೈಗಳು ಮನೆಮನೆಯಲ್ಲಿದ್ದವು. ಆ ಗಳಿಗೆಯಲ್ಲಿ ಜೇಯವರು ಒಂದು ಕಣ್ಣ ಸನ್ನೆ ಮಾಡಿದ್ದರೆ ಏನಾಗುತ್ತಿತ್ತೋ ಹೇಳಬರುವಂತಿಲ್ಲ. ಅವರು ಮಾಡಲಿಲ್ಲ. ಸ್ವಾಗತಕ್ಕೆ ಬಂದವರಿಗೆ ಸಭ್ಯತೆಯಿಂದ ಉತ್ತರ ಕೊಟ್ಟು, ನ್ಯಾಯವನ್ನು ಕಾಯದೆಯ ದಾರಿಯಿಂದಲೇ ಕೇಳಿರೆಂದೂ ಶಾಂತತೆಯನ್ನು ಕೆಡಿಸಬೇಡಿರೆಂದೂ ಹೇಳಿದರು. ಎಣಿಕೆಯ ವೃತ್ತಾಂತವನ್ನು ಬರೆದಿದ್ದ ಪತ್ನಿ ಸಾರಾಳಿಗೆ ಬರೆದ ಪತ್ರದಲ್ಲಿ, ಕೆಲವು ವರ್ಷಗಳಲ್ಲಿ ನಾವೆಲ್ಲರೂ ಮಣ್ಣಾಗುವವರು, ಆಗ ಸಂಸ್ಥಾನವನ್ನು ಆಳಿದೆನೆಂಬದಕ್ಕಿಂತ ನನ್ನನ್ನು ನಾನು ಆಳಿಕೊಂಡೆನೆಂಬದೇ ದೊಡ್ಡದೆಂಬ ಅರ್ಥದ ಮಾತನ್ನು ಬರೆದರು. ಸೋತವರು ಇಂಥ ಮಾತನ್ನು ಆಡುವದು ಕಷ್ಟವಲ್ಲ. ಗೆದ್ದೂ ಸೋಲಿಸಲ್ಪಟ್ಟವರು ಆಡುವದು ಕಷ್ಟ.

ಮುಂದಿನದನ್ನು ಚಿಕ್ಕದಾಗಿ ಹೇಳಬಹುದು. ಶಾಸನಸಭೆಯು ಚಳಿಗಾಲದಲ್ಲಿ ಕೂಡಿ ವಿಚಾರಣೆ ನಡೆಸಿ, 1793ರ ಜನವರಿಯಲ್ಲಿ ಎಣಿಕೆಯ ಸಮಿತಿಯವರಲ್ಲಿ ದೋಷವಿಲ್ಲವೆಂದು ಠರಾಯಿಸಿತು. ಕ್ಲಿಂಟನ್ನರು ತಮ್ಮ ಅವಧಿಯನ್ನು ಪೂರ್ತಿ ಆಳಿದರು. ಆದರೆ ಆ ಗೆಲವಿನ ಕಲೆಯು ಹೋಗಲಿಲ್ಲ, 1795ರಲ್ಲಿ ಅವರು ಸ್ಪರ್ಧೆಗೆ ನಿಲ್ಲಲಿಲ್ಲ. ಆ ವರ್ಷ ಜೇಯವರು ಒಪ್ಪಂದಕ್ಕಾಗಿ ಇಂಗ್ಲಂಡದಲ್ಲಿದ್ದರು. ಮೇ ತಿಂಗಳ ಕೊನೆಗೆ ಹಡಗಿನಿಂದ ಇಳಿದವರಿಗೆ ತಾವು ಗವರ್ನರರಾಗಿ ಆರಿಸಲ್ಪಟ್ಟ ಸುದ್ದಿಯು ಕಾದಿತ್ತು; ಯೇಟ್ಸರ ಮೇಲೆ ಅವರ ಅಂತರವು 1589 ಮತಗಳು. 1798ರಲ್ಲಿ ಪುನಃ ಗೆದ್ದರು. ಗುಲಾಮರ ಕ್ರಮಶಃ ಬಿಡುಗಡೆಯ 1799ರ ಕಾಯದೆಗೆ ಸಹಿ ಹಾಕಿದವರು ಅವರೇ.

ಆದರೆ 1792ರಲ್ಲಿ ಆದ ಅನ್ಯಾಯವನ್ನು ಜೇಯವರು ಹೇಗೆ ಅರಗಿಸಿಕೊಂಡರೆಂಬದು ತಿಳಿದದ್ದು 1800ನೆಯ ಇಸವಿಯಲ್ಲಿ. ಆಗ ನ್ಯೂಯಾರ್ಕದ 12 ರಾಷ್ಟ್ರಾಧ್ಯಕ್ಷ ನಿರ್ವಾಚಕರನ್ನು ಆರಿಸುವ ಅಧಿಕಾರವು ಸಂಸ್ಥಾನದ ಶಾಸನಸಭೆಯದಾಗಿತ್ತು. ವಸಂತದ ಚುನಾವಣೆಯಲ್ಲಿ ಬರ್ ಅವರ ಚಾತುರ್ಯದಿಂದ ಎದುರು ಪಕ್ಷವು ಗೆದ್ದಿತು. ಹೊಸ ಸಭೆಯು ಜೆಫರ್ಸನ್ನರ ಕಡೆಯವರನ್ನೇ ಆರಿಸುವದು ನಿಶ್ಚಯವಾಯಿತು. ಹಳೆಯ ಸಭೆಯ ಅವಧಿಯು ಇನ್ನೂ ಕೆಲವು ವಾರ ಉಳಿದಿತ್ತು. ಮೇ 7ರಂದು ಹ್ಯಾಮಿಲ್ಟನ್ನರು ಜೇಯವರಿಗೆ ಪತ್ರ ಬರೆದರು: ಹಳೆಯ ಸಭೆಯನ್ನು ಒಡನೆ ಕರೆಯಿರಿ, ನಿರ್ವಾಚಕರನ್ನು ಪ್ರದೇಶವಾರಾಗಿ ಜನರೇ ಆರಿಸುವಂತೆ ಕಾಯದೆಯನ್ನು ಬದಲಿಸಿರಿ, ಹಾಗಾದರೆ ನಮಗೂ ಕೆಲವು ಉಳಿದಾವು, ಇಂಥ ಕಾಲದಲ್ಲಿ ಅತಿ ಸಂಕೋಚವು ಸಲ್ಲದು. ಸಭೆಯನ್ನು ಕರೆಯುವ ಅಧಿಕಾರವು ಗವರ್ನರರಿಗೆ ಇದ್ದಿತು. ಅಕ್ಷರಶಃ ನೋಡಿದರೆ ಕಾಯದೆಯ ಭಂಗವೂ ಇರಲಿಲ್ಲ. ಎಂಟು ವರ್ಷಗಳ ಹಿಂದೆ ಕಾಯದೆಯ ಅಕ್ಷರದಿಂದಲೇ ತಮ್ಮನ್ನು ಕೆಡವಿದವರ ಮೇಲೆ ಅದೇ ಆಯುಧವನ್ನು ತಿರುಗಿಸುವ ಸಂದರ್ಭವು ತಾನಾಗಿಯೇ ಕೈಗೆ ಬಂದಿತ್ತು. ಬೇಡಿದವರು ಸ್ವಪಕ್ಷದ ನಾಯಕರು, ಹಳೆಯ ಗೆಳೆಯರು. ಪಣಕ್ಕಿದ್ದುದು ಇಡೀ ರಾಷ್ಟ್ರದ ಅಧ್ಯಕ್ಷ ಪದವಿ.

ಜೇಯವರು ಸಭೆಯನ್ನು ಕರೆಯಲಿಲ್ಲ. ನ್ಯೂಯಾರ್ಕದ ಹನ್ನೆರಡೂ ನಿರ್ವಾಚಕರು ಜೆಫರ್ಸನ್ನರಿಗೆ ಹೋದರು; ಅವರಿಗೆ 73, ಆಡಮ್ಸರಿಗೆ 65 ಮತಗಳು ಬಂದವು. 1801ರಲ್ಲಿ ಜೇಯವರು ಅಧಿಕಾರದಿಂದ ನಿವೃತ್ತರಾಗಿ ಬೆಡ್ಫರ್ಡಿನ ತಮ್ಮ ಹೊಲಮನೆಗೆ ತೆರಳಿದರು. ಗವರ್ನರರ ಪೀಠಕ್ಕೆ ಪುನಃ ಬಂದವರು ಜಾರ್ಜ ಕ್ಲಿಂಟನ್ನರು. ಹ್ಯಾಮಿಲ್ಟನ್ನರ ಆ ಪತ್ರವು ಜೇಯವರ ಕಾಗದಗಳಲ್ಲಿ ಉಳಿದಿತ್ತು. ಅದರ ಮೇಲೆ ಅವರು ತಮ್ಮ ಕೈಯಿಂದ ಒಂದೇ ಟಿಪ್ಪಣಿಯನ್ನು ಬರೆದಿಟ್ಟಿದ್ದರು: ಪಕ್ಷಕಾರ್ಯಕ್ಕಾಗಿ ಸೂಚಿಸಿದ ಈ ಉಪಾಯವನ್ನು ಅಂಗೀಕರಿಸುವದು ತಮಗೆ ತಕ್ಕುದಲ್ಲವೆಂದು.